ವರ್ಷದ ಬೇಳೆ ಜನವರಿಯಲ್ಲೇ ತಗೊಳ್ಳಿ, ರೊಕ್ಕ ಅವತ್ತೇ ಕೊಡಿ

2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಕಲಬುರಗಿ ಕಡೆ ಆ ದಿನ ಮನೆಯಲ್ಲಿ ಕೂತು ಉಣ್ಣುವವರು ಕಡಿಮೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಗಸಿ ಹಿಂಡಿ ಎಲ್ಲ ಬುಟ್ಟಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಕೊಟ್ಟು), ಗಿಡದ ನೆರಳಿನಲ್ಲಿ ಕೂತು ಉಂಡು ಬರುತ್ತೇವೆ. ಸ್ವಂತ ಹೊಲ ಇಲ್ಲದವರನ್ನು ಪರಿಚಯದವರು ಕರೆಯುತ್ತಾರೆ. ನಾನು ಹೋಗಿದ್ದು ಆಳಂದ ತಾಲ್ಲೂಕಿನ ಒಬ್ಬ ಕಾಕಾನ ಹೊಲಕ್ಕೆ. ರಕ್ತ ಸಂಬಂಧ ಏನಿಲ್ಲ, ಅಪ್ಪನ ಸ್ನೇಹಿತರು, ಚಿಕ್ಕಂದಿನಿಂದ ಕಾಕಾ ಅಂತಲೇ ಕರೆದು ರೂಢಿ.

ತೊಗರಿ ಕೊಯ್ದು ಒಟ್ಟಿದ್ದರು. ರಾಶಿ ಮಾಡಲು ಇನ್ನೊಂದು ವಾರ ಇತ್ತು. ಉಂಡು ಕೈ ತೊಳೆದ ಮೇಲೆ ಕಾಕಾ ರೇಟಿನ ಮಾತು ತೆಗೆದರು. 2024ರಲ್ಲಿ ತೊಗರಿ ಕ್ವಿಂಟಲಿಗೆ 10 ಸಾವಿರ ದಾಟಿ ಹೋಗಿತ್ತು, ನೆನಪಿದೆ ಅಲ್ವಾ? ಆದರೆ ಆ ರೇಟು ಬಂದಾಗ ಸಣ್ಣ ರೈತರ ಮನೆಯಲ್ಲಿ ತೊಗರಿಯೇ ಉಳಿದಿರಲಿಲ್ಲ. ಹೊಸ ಮಾಲು ಬರುವ ಹೊತ್ತಿಗೆ ರೇಟು ಇಳಿದು, ಬೆಂಬಲ ಬೆಲೆ 7,550 ಇದ್ದರೂ ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಅದಕ್ಕಿಂತ ಕೆಳಗೇ ಕೂಗುತ್ತಿದ್ದರು. "ಎರಡು ತಿಂಗಳ ಇಟ್ಕೊಳ್ರಿ ಕಾಕಾ" ಅಂದೆ ನಾನು, ಏನೂ ಗೊತ್ತಿಲ್ಲದವರ ಹಾಗೆ. ಅವರು ಸಿಟ್ಟಾಗಲಿಲ್ಲ. "ಇಟ್ಕೊಂಡು ಕೂಡ್ಲಾಕ ಆಗಲ್ಲವ್ವ. ಬೀಜ ಗೊಬ್ಬರದ್ದು ಅಡತ್ ಅಂಗಡ್ಯಾಗ ಬಾಕಿ ಅದ. ರಾಶಿ ಮಷಿನ್‌ನವ್ರಿಗಿ ಅವತ್ತೇ ಕೊಡಬೇಕು. ರೊಕ್ಕ ಈಗ ಬೇಕು, ಉಗಾದಿಗಿ ಬಂದ್ರ ಏನ್ ಮಾಡ್ಲಿ?" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾವು ರೈತರಿಗೆ ಒಳ್ಳೆ ಬೆಲೆ ಸಿಗಬೇಕು ಅಂತ ಯಾವಾಗಲೂ ಹೇಳುತ್ತೇವೆ. ಆದರೆ ಬೆಲೆಯಷ್ಟೇ ಮುಖ್ಯ ರೊಕ್ಕ ಯಾವತ್ತು ಕೈಗೆ ಬರುತ್ತದೆ ಅನ್ನುವುದು. ಡಿಸೆಂಬರ್ ಜನವರಿಯಲ್ಲಿ ಎಲ್ಲರ ಮಾಲೂ ಒಟ್ಟಿಗೇ ಗಂಜಿಗೆ ಬರುತ್ತದೆ, ಎಲ್ಲರಿಗೂ ಅವತ್ತೇ ಸಾಲ ತೀರಿಸಬೇಕು, ಹಾಗಾಗಿ ಅವತ್ತೇ ರೇಟು ಕೆಳಗಿರುತ್ತದೆ. ಅದರ ಜೊತೆಗೆ 2021ರಲ್ಲಿ ಹೊರಗಿನ ತೊಗರಿಯ ಆಮದಿಗೆ ಇದ್ದ ಮಿತಿಯನ್ನೂ ತೆಗೆದರು. ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಹಡಗಿನಲ್ಲಿ ಬಂದ ತೊಗರಿಯ ಜೊತೆ ನಮ್ಮ ಆಳಂದದ, ಸೇಡಂದ, ಚಿಂಚೋಳಿಯ ಮಳೆ ನಂಬಿದ ಬೆಳೆ ಪೈಪೋಟಿ ಮಾಡಬೇಕು. ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರದ ಖರೀದಿ ಕೇಂದ್ರ ಇದೆ, ನಿಜ. ಆ ವರ್ಷ ರಾಜ್ಯ ಸರ್ಕಾರ ಕ್ವಿಂಟಲಿಗೆ 450 ರೂಪಾಯಿ ಸೇರಿಸಿ 8,000 ಮಾಡಿತು, ಅದೂ ನಿಜ, ಒಳ್ಳೆಯದೇ. ಆದರೆ ಹೆಸರು ನೋಂದಾಯಿಸಿ, ತೇವಾಂಶ ನೋಡಿಸಿ, ತೂಕ ಆಗಿ, ಖಾತೆಗೆ ಜಮಾ ಆಗುವವರೆಗೆ ರಾಶಿ ಮಷಿನ್‌ನವರು ಕಾಯುವುದಿಲ್ಲ.

ಊರಿಗೆ ವಾಪಸ್ ಬಂದು ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ನಮ್ಮ ಅಜ್ಜಿಯ ಕಾಲದಲ್ಲಿ ವರ್ಷದ ಜೋಳ, ವರ್ಷದ ಬೇಳೆ, ವರ್ಷದ ಖಾರ ಒಂದೇ ಸಲ ಮಾಡಿ ಇಡುತ್ತಿದ್ದರು. ನಾವು ಯಾಕೆ ಬಿಟ್ಟೆವು? ತಿಂಗಳಿಗೆ 3 ಕಿಲೋ ಬೇಳೆ ಬೇಕಾದ ಮನೆಗೆ ವರ್ಷಕ್ಕೆ 36 ಕಿಲೋ. ಅದನ್ನು ಜನವರಿಯಲ್ಲೇ ತಗೊಂಡು, ಪೂರ್ತಿ ರೊಕ್ಕ ಅವತ್ತೇ ಕೊಟ್ಟರೆ ಹೇಗೆ? 14 ಮನೆಯವರು ಹೂಂ ಅಂದರು.

ಲೆಕ್ಕ ಹೇಳುತ್ತೇನೆ. 100 ಕಿಲೋ ತೊಗರಿ ಒಡೆಸಿದರೆ ಹೆಚ್ಚು ಕಡಿಮೆ 70 ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು, ಚುನ್ನಿ ದನಗಳಿಗೆ. ನಾವು ಕಿಲೋಗೆ 140 ಕೊಡುವುದು ಅಂತ ಮಾತಾಯಿತು. 70 ಕಿಲೋಗೆ 9,800. ಅದರಲ್ಲಿ ಒಡೆಸುವ ಖರ್ಚು, ಚೀಲ, ಕಲಬುರಗಿಗೆ ತರುವ ಗಾಡಿ ಬಾಡಿಗೆ ಎಲ್ಲ ತೆಗೆದರೂ ಕಾಕಾನ ಕೈಗೆ ಕ್ವಿಂಟಲಿಗೆ 8,500 ಉಳಿಯಿತು, ಹೊಟ್ಟು ಮನೆಯಲ್ಲೇ ಉಳಿಯಿತು. ಆವತ್ತು ಅಂಗಡಿಯಲ್ಲಿ ಒಳ್ಳೆ ಬೇಳೆ 150ರ ಮೇಲಿತ್ತು. ಅಂದರೆ ನಮಗೂ ಕಡಿಮೆಯೇ ಬಿತ್ತು.

ಹೆಚ್ಚಿನದೆಲ್ಲ ಸಣ್ಣ ಮಿಲ್‌ನಲ್ಲಿ ಒಡೆಸಿದ್ದು. ಸ್ವಲ್ಪ ಮಾತ್ರ ಕಾಕಿ ಮತ್ತು ಪಕ್ಕದ ಮನೆಯ ಇಬ್ಬರು ಸೇರಿ ಬೀಸುಕಲ್ಲಿನಲ್ಲಿ ಒಡೆದರು. ಅದನ್ನು ನೋಡಲು ಒಂದು ದಿನ ಹೋಗಿದ್ದೆ. ಕಾಳು ನೆನೆಸಿ, ಕೆಮ್ಮಣ್ಣು ಕಲಸಿ, ಅಂಗಳದಲ್ಲಿ ಹರವಿ ಒಣಗಿಸಿದ್ದರು. ಆಮೇಲೆ ಬೀಸುಕಲ್ಲಿನ ಬಾಯಿಗೆ ಒಂದೊಂದೇ ಹಿಡಿ ಹಾಕಿ ತಿರುಗಿಸಬೇಕು. ಜಾಸ್ತಿ ಹಾಕಿದರೆ ಒಡೆಯುವುದಿಲ್ಲ, ಕಡಿಮೆ ಹಾಕಿದರೆ ನುಚ್ಚಾಗುತ್ತದೆ. ಕಾಕಿ ಕಲ್ಲಿನ ಸಪ್ಪಳ ಕೇಳಿಯೇ "ಈಗ ಹಾಕು" ಅನ್ನುತ್ತಿದ್ದರು. ನಾನು ಗೂಟ ಹಿಡಿದು ಹತ್ತು ನಿಮಿಷ ತಿರುಗಿಸಿದೆ, ರಟ್ಟೆ ಸೋತುಹೋಯಿತು. ಅವರು ಮೊರದಲ್ಲಿ ಕೇರಿ ಹೊಟ್ಟು ಹಾರಿಸಿದಾಗ ಕೆಳಗೆ ಬಿದ್ದ ಬೇಳೆ ಅಂಗಡಿಯ ಬೇಳೆಯಂತೆ ಮಿಂಚುವುದಿಲ್ಲ. ಮಂಕು ಹಳದಿ, ಅಂಚಿನಲ್ಲಿ ಸ್ವಲ್ಪ ಸಿಪ್ಪೆ. ಮಿಂಚು ಬರುವುದು ಪಾಲಿಶ್‌ನಿಂದ. ಈ ಬೇಳೆ ಕುದಿಯುವಾಗ ಬರುವ ವಾಸನೆಗೆ ಪಕ್ಕದ ಮನೆಯವರು ಬಂದು ಏನು ಮಾಡುತ್ತಿದ್ದೀರಿ ಅಂತ ಕೇಳಿದ್ದಾರೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕಷ್ಟ ಬಂದಿದ್ದು ಮೇ ತಿಂಗಳಲ್ಲಿ. ಬೇಳೆ ರೇಟು ಇಳಿಯಿತು. ಅಂಗಡಿಯಲ್ಲಿ 120ಕ್ಕೆ ಸಿಗುತ್ತಿದೆ, ನೀವು ನಮಗೆ 140ಕ್ಕೆ ಕೊಡಿಸಿದ್ದೀರಿ ಅಂತ ಗುಂಪಿನಲ್ಲಿ ಮೆಸೇಜ್ ಬಂತು. ಒಬ್ಬರು "ನಿಮ್ಮ ಕಾಕಾ ಲಾಭ ಮಾಡ್ಕೊಂಡ್ರು" ಅಂತಲೇ ಬರೆದರು. ನನಗೆ ತುಂಬಾ ಬೇಜಾರಾಯಿತು, ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಕೂತು ಬರೆದೆ. ಜನವರಿಯಲ್ಲಿ ಅಂಗಡಿಗಿಂತ ಕಡಿಮೆ ಇದ್ದಾಗ ಯಾರೂ ಕಾಕಾನಿಗೆ ಹೆಚ್ಚು ಕೊಡೋಣ ಅನ್ನಲಿಲ್ಲ, ಈಗ ಅಂಗಡಿಯದು ಇಳಿದಾಗ ವ್ಯತ್ಯಾಸ ವಾಪಸ್ ಕೇಳುವುದು ಹೇಗೆ ಸರಿ? ರೇಟು ಏರಿದಾಗ ಮಾತ್ರ ರೈತರ ಜೊತೆ ಇರುತ್ತೇವೆ ಅಂದರೆ ಅದು ಅವರಿಗೆ ಕೊಟ್ಟ ಮಾತಲ್ಲ, ನಮ್ಮ ಉಳಿತಾಯ ಅಷ್ಟೇ.

ಆ ವಾರ ನಾನು ಫೇರ್ ಟ್ರೇಡ್, ಅಂದರೆ ಬೆಳೆಗಾರರಿಗೆ ನ್ಯಾಯದ ಬೆಲೆ ಕೊಟ್ಟು ಕೊಳ್ಳುವ ಪದ್ಧತಿಯ ಬಗ್ಗೆ ಓದಿದೆ. ಅದರ ಮೊದಲ ಗುರುತು (ಲೇಬಲ್) ಶುರುವಾಗಿದ್ದು 1988ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ. ನಿಯಮ ಓದಿದರೆ ನಮ್ಮ ಕಾಕಾನ ಮಾತೇ ಕೇಳಿದ ಹಾಗಾಯಿತು. ಮಾರುಕಟ್ಟೆ ಎಷ್ಟೇ ಬಿದ್ದರೂ ಇದಕ್ಕಿಂತ ಕಡಿಮೆ ಕೊಡಬಾರದು ಅಂತ ಒಂದು ಬೆಲೆ. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮೇಲಿನದೇ ಕೊಡಬೇಕು. ಬೆಳೆಗಾರರು ಕೇಳಿದರೆ ಬೆಳೆಗೆ ಮೊದಲೇ ಸ್ವಲ್ಪ ಮುಂಗಡ. ಇದರ ಮೇಲೆ ಊರಿನ ಕೆಲಸಕ್ಕೆ ಅಂತ ಬೇರೆ ಮೊತ್ತ, ಅದನ್ನು ಯಾವುದಕ್ಕೆ ಬಳಸಬೇಕು ಅಂತ ಬೆಳೆಗಾರರ ಸಂಘವೇ ತೀರ್ಮಾನ ಮಾಡುತ್ತದೆ. ಸರ್ಟಿಫಿಕೇಟ್‌ಗೆ ಖರ್ಚಿದೆ, ಕಾಗದಪತ್ರ ಇದೆ, ನಾಲ್ಕು ಎಕರೆಯವರಿಗೆ ಒಬ್ಬರೇ ಮಾಡಿಸುವುದು ಆಗುವುದಿಲ್ಲ. ಆದರೆ ಆ ನಿಯಮ ಪಾಲಿಸಲು ಸರ್ಟಿಫಿಕೇಟ್ ಬೇಕಿಲ್ಲ. 14 ಮನೆ ಸಾಕು.

ನಮ್ಮ ತೊಗರಿಗೂ ಒಂದು ಗುರುತು ಇದೆ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಇದೇ ಊರಿನದು ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಹೆಮ್ಮೆಯ ವಿಷಯ, ಆದರೆ ಒಂದು ತಿಳಿದಿರಲಿ. ಜಿಐ ಕಾಪಾಡುವುದು ಹೆಸರನ್ನು. ಆ ಗುರುತು ಬಳಸಬೇಕಾದರೆ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು, ಮತ್ತು ನೋಂದಾಯಿಸಿದ ಮಾತ್ರಕ್ಕೆ ಜನವರಿಯಲ್ಲಿ ಯಾರೂ ಹೆಚ್ಚಿಗೆ ಕೊಡುವುದಿಲ್ಲ, ಕೊಳ್ಳುವವರು ಕೇಳಿದರೆ ಮಾತ್ರ ಅದಕ್ಕೆ ಬೆಲೆ. ಅದಕ್ಕೇ ಅಂಗಡಿಯಲ್ಲಿ ಕೇಳಿ, ಇದು ನಮ್ಮ ಜಿಲ್ಲೆಯ ತೊಗರಿಯೋ ಹೊರಗಿನದೋ ಅಂತ. ಎರಡು ಸಲ ಕೇಳಿದರೆ ಮೂರನೇ ಸಲ ಅಂಗಡಿಯವರೇ ಹೇಳುತ್ತಾರೆ.

ರೊಟ್ಟಿಯ ವಿಷಯ ಹೇಳದಿದ್ದರೆ ಈ ಬರಹ ಅರ್ಧ. ನಮ್ಮ ಮನೆಗೆ ರೊಟ್ಟಿ ಕೊಡುವ ಅಕ್ಕ ಒಬ್ಬರಿದ್ದಾರೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಾರೆ. ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಖಡಕ್ ಬೇಕಾದರೆ ಒಲೆಯ ಬದಿಗೆ ನಿಲ್ಲಿಸಿ ಒಣಗಿಸುತ್ತಾರೆ. ಅವರೇ ಹೇಳಿದ ಲೆಕ್ಕ ಇದು. ಕಿಲೋ ಹಿಟ್ಟಿಗೆ 12 ರೊಟ್ಟಿ. ಮಾಲದಂಡಿ ಜೋಳ, ಬೀಸುವುದು ಸೇರಿ ಕಿಲೋಗೆ 50 ರೂಪಾಯಿ. ಅಲ್ಲಿಗೇ ಒಂದು ರೊಟ್ಟಿಗೆ 4 ರೂಪಾಯಿಯ ಮೇಲೆ ಹೋಯಿತು. ಗ್ಯಾಸ್ 1 ರೂಪಾಯಿ. 6 ರೂಪಾಯಿಗೆ ಮಾರಿದರೆ ಒಂದು ರೊಟ್ಟಿಗೆ ಉಳಿಯುವುದು ಒಂದು ರೂಪಾಯಿಗೂ ಕಡಿಮೆ. ನೂರು ರೊಟ್ಟಿ ಬಡಿದರೆ ನೂರು ರೂಪಾಯಿ ಇಲ್ಲ. ಇಂಥವರ ಹತ್ತಿರ ನಿಂತು "5 ಮಾಡ್ರಿ ಅಕ್ಕಾ" ಅನ್ನುವುದನ್ನು ಕೇಳಿದ್ದೇನೆ. ಹಾಗೆ ಕೇಳಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ ಅಂತ ನಂಬುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾವೀಗ 8 ಕೊಡುತ್ತೇವೆ.

ಅವರಿಗೆ ಆದ ಅನ್ಯಾಯ ಒಂದಿದೆ. ಒಂದು ಅಂಗಡಿಗೆ ದಿನಾ 50 ಖಡಕ್ ರೊಟ್ಟಿ ಹಾಕುತ್ತಿದ್ದರು. ರೊಕ್ಕ ತಿಂಗಳ ಕೊನೆಗೆ ಅಂದರು, ಆಮೇಲೆ ಇನ್ನೊಂದು ತಿಂಗಳು ಮುಂದೆ ಹಾಕಿದರು, ಕೊನೆಗೆ ಮಾರಾಟ ಆಗದೆ ಮುರಿದ ರೊಟ್ಟಿಗಳನ್ನು ವಾಪಸ್ ಕೊಟ್ಟು ಅದರ ರೊಕ್ಕ ಮುರಿದುಕೊಂಡರು. ಜೋಳದ ಅಂಗಡಿಯವರು ಅಕ್ಕನಿಗೆ ಉದ್ರಿ ಕೊಡುವುದಿಲ್ಲ, ಆದರೆ ಅಕ್ಕ ದೊಡ್ಡ ಅಂಗಡಿಗೆ ಉದ್ರಿ ಕೊಡಬೇಕು! ಒಬ್ಬರೇ ಇದ್ದರೆ ಹೀಗೇ ಆಗುತ್ತದೆ. ಅದಕ್ಕೇ ಜಿಲ್ಲೆಯ ಮಹಿಳಾ ಗುಂಪುಗಳು ಸೇರಿ "ಕಲಬುರಗಿ ರೊಟ್ಟಿ" ಅಂತ ಒಂದೇ ಹೆಸರಿನಲ್ಲಿ ಮಾರುತ್ತಿರುವುದು ನನಗೆ ದೊಡ್ಡ ವಿಷಯ ಅನಿಸುತ್ತದೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇವರ ಬಗ್ಗೆ ಹೇಳಿದಾಗ ದಿನಕ್ಕೆ 3 ಸಾವಿರಕ್ಕೂ ಜಾಸ್ತಿ ರೊಟ್ಟಿ ಆಗುತ್ತಿತ್ತು. ಬೆಂಗಳೂರಿನಲ್ಲಿ ಇರುವ ನಮ್ಮವರು ಆನ್‌ಲೈನ್‌ನಲ್ಲಿ ತರಿಸಬಹುದು, ತರಿಸಿ.

ಎರಡನೇ ವರ್ಷ ನಮ್ಮ ಗುಂಪಿನಲ್ಲಿ 9 ಮನೆ ಉಳಿದವು. ಜೂನ್‌ನಲ್ಲೇ ಮನೆಗೆ 1,000 ರೂಪಾಯಿಯಂತೆ ಮುಂಗಡ ಕೊಟ್ಟೆವು, ಬೀಜಕ್ಕೆ ಗೊಬ್ಬರಕ್ಕೆ ಅಂತ. 2025ರ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಸುರಿದ ಮಳೆ ನಿಮಗೆಲ್ಲ ಗೊತ್ತೇ ಇದೆ. ಕಾಕಾನ ಹೊಲದಲ್ಲಿ ತಗ್ಗಿನ ಭಾಗ ಪೂರ್ತಿ ನೀರು ನಿಂತು ಗಿಡ ಒಣಗಿತು. ಅರ್ಧ ಬೆಳೆ ಕೈಗೆ ಬಂತು. ಬೆಂಬಲ ಬೆಲೆ ಆ ಸಲ 8,000 ಇತ್ತು, ಆದರೆ ಇಲ್ಲದ ತೊಗರಿಗೆ ಬೆಲೆ ಎಲ್ಲಿಂದ? ಜನವರಿಯಲ್ಲಿ ಕಾಕಾ ಬೇಳೆ ತಂದಾಗ ಒಂದೊಂದು ಮನೆಗೆ 18 ಕಿಲೋ ಅಷ್ಟೇ ಇತ್ತು. ಜೇಬಿನಿಂದ ಒಂದು ಚೀಟಿ ತೆಗೆದರು. ಯಾರ ಮುಂಗಡ ಎಷ್ಟು, ಬೇಳೆಯ ರೊಕ್ಕದಲ್ಲಿ ಅದನ್ನು ಮುರಿದರೆ ನಾವು ಇನ್ನೆಷ್ಟು ಕೊಡಬೇಕು ಅಂತ ಮಗಳ ಕೈಯಲ್ಲಿ ಬರೆಸಿದ್ದರು. ಒಂಬತ್ತೂ ಮನೆಯವರು ಮುಂಗಡ ಮುರಿಯುವುದು ಬೇಡ, ಅದು ಮುಂದಿನ ಬಿತ್ತನೆಗೆ ಇರಲಿ ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, ಚೀಟಿ ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡರು. ಮೇ ತಿಂಗಳಲ್ಲಿ ಲಾಭದ ಮಾತು ಬರೆದವರೂ ಆ ಒಂಬತ್ತರಲ್ಲಿ ಇದ್ದರು.

ನೀವೂ ಮಾಡುವುದಾದರೆ ಮುಂದಿನ ರಾಶಿಗೆ ಈಗಿನಿಂದಲೇ ಒಬ್ಬರನ್ನು ಹುಡುಕಿ ಇಡಿ. ಊರಿನಲ್ಲಿ ನಿಮ್ಮ ಸಂಬಂಧಿಕರೇ ಬೆಳೆಯುತ್ತಿರಬಹುದು. ಐದು ಮನೆ ಸೇರಿದರೂ ಸಾಕು. ಬೆಲೆ ಮೊದಲೇ ಮಾತಾಡಿ, ಬರೆದು ಇಡಿ, ಆಮೇಲೆ ಚೌಕಾಸಿ ಬೇಡ.

ಮತ್ತೆ ಬೇಳೆ ಬಂದ ದಿನವೇ ಡಬ್ಬಿಗೆ ತುಂಬಬೇಡಿ. ಮೊದಲ ವರ್ಷ ನಮ್ಮಲ್ಲಿ ಮೂರು ಮನೆಯ ಬೇಳೆಗೆ ನುಸಿ ಬಿದ್ದು ಕಾಕಾನ ಮೇಲೆ ತಪ್ಪು ಬಂತು, ನಿಜವಾಗಿ ನಾವೇ ಒಣಗಿಸಿರಲಿಲ್ಲ. ಅರಿವೆ ಹಾಸಿ ಎರಡು ಬಿಸಿಲು ಕೊಡಿ, ಪೂರ್ತಿ ಆರಿದ ಮೇಲೆ ಒಣಗಿದ ಬೇವಿನ ಎಲೆ ಹಾಕಿ ಮುಚ್ಚಳ ಬಿಗಿ ಮಾಡಿ. ನಮ್ಮ ಮನೆಯ 18 ಕಿಲೋಗೆ ನಿನ್ನೆ ಎರಡನೇ ಬಿಸಿಲು ಆಯಿತು.