ರೋಮ್‌ನಲ್ಲಿ ನೀರಿನ ಜಾಡು ಹಿಡಿದು ಎರಡು ದಿನ

ರೋಮ್‌ಗೆ ಹೋದವರು ಕೊಲೋಸಿಯಂ ನೋಡದೆ ಬರುವುದಿಲ್ಲ. ನೋಡಿ. ಆ ಸಾಲಿನಲ್ಲಿ ನಿಂತು ಬಸವಳಿದ ಮೇಲೂ ಎರಡು ದಿನ ಕೈಯಲ್ಲಿ ಉಳಿದಿದ್ದರೆ ನೀರಿನ ಜಾಡು ಹಿಡಿದು ಹೊರಡಿ. ನಮಗೆ ಈ ಹುಚ್ಚು ಹತ್ತಿಸಿದವರು ಮಾವನವರು. ಸೇವಾವಧಿಯನ್ನೆಲ್ಲ ನೀರು ಸರಬರಾಜಿನ ಕೆಲಸದಲ್ಲೇ ಕಳೆದವರು ಅವರು. ನೀರು ಬರುವ ಕಡೆಯಿಂದ ಶುರುಮಾಡಿ, ಅದು ಚರಂಡಿ ಸೇರುವ ಕಡೆ ಮುಗಿಸಬೇಕೆಂಬುದು ಅವರದೇ ಯೋಜನೆ.

ಮೊದಲ ದಿನ ಬೆಳಿಗ್ಗೆ ಮೆಟ್ರೋ ಎ ಮಾರ್ಗದಲ್ಲಿ ಜೂಲಿಯೊ ಅಗ್ರಿಕೋಲ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸ್ವಲ್ಪ ನಡೆದರೆ ಮೇಲ್ಗಾಲುವೆಗಳ ಉದ್ಯಾನ. ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ. ಚಕ್ರವರ್ತಿ ಕ್ಯಾಲಿಗುಲ ಕ್ರಿ.ಶ. 38ರಲ್ಲಿ ಆರಂಭಿಸಿ, ನಂತರದ ಚಕ್ರವರ್ತಿ ಕ್ಲಾಡಿಯಸ್ 52ರಲ್ಲಿ ಪೂರೈಸಿದ ಅಕ್ವಾ ಕ್ಲಾಡಿಯಾದ ಕಮಾನುಗಳು ಹುಲ್ಲುಗಾವಲಿನ ನಡುವೆ ಸಾಲುಗಟ್ಟಿವೆ. ಸುಮಾರು 69 ಕಿಲೋಮೀಟರ್ ಉದ್ದದ ಈ ಕಾಲುವೆಯ ಬಹುಪಾಲು ನೆಲದಡಿಯಲ್ಲೇ ಹರಿಯುತ್ತಿತ್ತು. ಪಂಪಿಲ್ಲ, ಬರೀ ಇಳಿಜಾರು. ಮಾವನವರು ಒಂದು ಕಂಬದ ಬುಡದಲ್ಲಿ ಕುಳಿತು ಫ್ರಾಂಟಿನಸ್‌ನ ಕಥೆ ತೆಗೆದರು. 97ರಲ್ಲಿ ನಗರದ ನೀರಿನ ಉಸ್ತುವಾರಿ ವಹಿಸಿಕೊಂಡ ಈತ, ಕೊಳವೆಗೆ ಕಳ್ಳ ತೂತು ಕೊರೆದು ನೀರು ಮಾರಿಕೊಳ್ಳುತ್ತಿದ್ದ ಕೆಲಸಗಾರರ ಬಗ್ಗೆ ಸಿಟ್ಟಿನಿಂದ ಬರೆದಿಟ್ಟಿದ್ದಾನೆ. "ನೀರಗಂಟಿಗಳು ಎಲ್ಲ ಕಾಲದಲ್ಲೂ ಒಂದೇ" ಎಂದು ಮಾವ ನಕ್ಕರು. ಅದು ಅನುಭವದ ನಗು.

ಮಧ್ಯಾಹ್ನ ಕ್ಯಾರಕಲ್ಲಾ ಸ್ನಾನಗೃಹಗಳಿಗೆ ಹೋಗಿ. ಮೆಟ್ರೋ ಬಿ ಮಾರ್ಗದ ಚಿರ್ಕೊ ಮಾಸ್ಸಿಮೊ ನಿಲ್ದಾಣದಿಂದ ನಡೆದೇ ತಲುಪಬಹುದು. ಸೋಮವಾರ ಮಾತ್ರ ಬೇಡ. ನಾವು ವಾರ ನೋಡದೆ ಹೊರಟು, ಮುಚ್ಚಿದ ಗೇಟಿನ ಮುಂದೆ ಬಾಳೆಹಣ್ಣು ತಿಂದು ವಾಪಸಾಗಿ ಮರುದಿನ ಮತ್ತೆ ಬರಬೇಕಾಯಿತು. 216ರಲ್ಲಿ ತೆರೆದ ಈ ಕಟ್ಟಡದ ಗೋಡೆಗಳನ್ನು ಕತ್ತೆತ್ತಿ ನೋಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಬಿಸಿ ಕೋಣೆ, ಬೆಚ್ಚನೆಯ ಕೋಣೆ, ತಣ್ಣೀರಿನ ಕೋಣೆ, ಕೊನೆಗೆ ತೆರೆದ ಈಜುಕೊಳ: ಈ ಕ್ರಮದಲ್ಲೇ ಸುತ್ತಿದರೆ ಕಟ್ಟಡ ತಾನಾಗಿ ಅರ್ಥವಾಗುತ್ತದೆ. ರೋಮನ್ನರು ಮೈಗೆ ಎಣ್ಣೆ ಹಚ್ಚಿಕೊಂಡು, ವ್ಯಾಯಾಮ ಮಾಡಿ, ಬೆವರು, ಕೊಳೆ, ಎಣ್ಣೆ ಎಲ್ಲವನ್ನೂ ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ಸೀಗೆಕಾಯಿ ಇಲ್ಲದ ಅಭ್ಯಂಜನ ಎನ್ನಬಹುದು. ನಮ್ಮ ಬಚ್ಚಲಿನ ಒಲೆ ಹಂಡೆಯನ್ನಷ್ಟೇ ಕಾಯಿಸಿದರೆ, ಇಲ್ಲಿ ನೆಲದಡಿಯ ಬಿಸಿಗಾಳಿ ಇಡೀ ಕೋಣೆಯನ್ನೇ ಕಾಯಿಸುತ್ತಿತ್ತು. ಒಲೆಗೆ ಸೌದೆ ಒಡ್ಡುತ್ತಿದ್ದ ಗುಲಾಮರು ಮಾತ್ರ ಸುರಂಗದ ಹೊಗೆಯಲ್ಲಿ. 537ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಗಾಥರೆಂಬ ಜರ್ಮಾನಿಕ್ ಜನ ಕಾಲುವೆಗಳನ್ನು ಕಡಿದರು, ಸ್ನಾನವೂ ನಿಂತಿತು.

ಎರಡನೆಯ ದಿನವನ್ನು ಪೂರ್ತಿ ರೋಮ್‌ನ ಹಳೆಯ ಬಂದರು ಪಟ್ಟಣವಾದ ಒಸ್ತಿಯಾ ಆಂತಿಕಾಗೆ ಇಡಿ. ಪಿರಾಮಿಡೆ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಅಲ್ಲಿಗೆ ಹೋಗುವ ಸ್ಥಳೀಯ ರೈಲು ಸಿಗುತ್ತದೆ. ನಗರದ ಸಾಮಾನ್ಯ ಟಿಕೆಟ್ಟೇ ಸಾಕು, ಪ್ರಯಾಣ ಅರ್ಧ ಗಂಟೆ. ಇದಕ್ಕೂ ಸೋಮವಾರ ರಜೆ. ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ, ರಸ್ತೆಯ ಕಲ್ಲುಗಳು ಕಾಲನ್ನು ಹಿಂಡುತ್ತವೆ. ನೆಪ್ಚೂನ್ ಸ್ನಾನಗೃಹದ ಮೊಸಾಯಿಕ್ ನೆಲವನ್ನು ಮೇಲಿನಿಂದ ನೋಡಬೇಕು. ಪಕ್ಕದ ಮೆಟ್ಟಿಲು ಹತ್ತಲು ಮರೆಯಬೇಡಿ.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಅಲ್ಲಿನ ಫೋರಂ (ಊರಿನ ಮುಖ್ಯ ಚೌಕ) ಬಳಿಯ ಸಾರ್ವಜನಿಕ ಶೌಚಾಲಯದಲ್ಲಿ. ಅಮೃತಶಿಲೆಯ ಸುಮಾರು 20 ಆಸನಗಳು ಗೋಡೆಗುಂಟ ಒಂದರ ಪಕ್ಕ ಒಂದು. ನಡುವೆ ತಡಿಕೆಯಿಲ್ಲ, ಮರೆಯಿಲ್ಲ. ಶುಚಿಗೆ ಕೋಲಿಗೆ ಸಿಕ್ಕಿಸಿದ ಸ್ಪಂಜು ಬಳಸುತ್ತಿದ್ದರು ಎನ್ನುತ್ತಾರೆ. ಅದನ್ನು ಕೇಳಿ ಮಾವನವರು ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟೆಲ್ಲ ನೀರು ಹರಿಸಿದ ಜನ ಆರೋಗ್ಯವಂತರಾಗಿದ್ದರೇ ಎಂದರೆ ಹೂಂ ಎನ್ನಲಾಗುವುದಿಲ್ಲ. ರೋಮನ್ ಕಾಲದ ಶೌಚಗುಂಡಿಗಳ ಮಣ್ಣಿನಲ್ಲಿ ಜಂತುಹುಳುಗಳ ಮೊಟ್ಟೆಗಳು ಸಿಕ್ಕಿವೆ. ಸ್ನಾನವೆಂದರೆ ಎಣ್ಣೆ, ಬೆವರು, ಕೊಳೆ, ಜಿಡ್ಡುನೀರು ಎಂದು ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನೇ ಮೂಗು ಮುರಿದಿದ್ದಾನೆ. ವಾಸಿಯಾಗದ ಗಾಯವಿದ್ದವರು ಸ್ನಾನಗೃಹಕ್ಕೆ ಹೋಗುವುದು ಅಪಾಯವೆಂದು ವೈದ್ಯಗ್ರಂಥ ಬರೆದ ರೋಮನ್ ಲೇಖಕ ಸೆಲ್ಸಸ್ ಎಚ್ಚರಿಸಿದ್ದ. ರೋಗಿಗಳೂ ಗಟ್ಟಿಮುಟ್ಟಾದವರೂ ಅದೇ ತೊಟ್ಟಿಗೆ ಇಳಿಯುತ್ತಿದ್ದರೆ ಇನ್ನೇನಾದೀತು?

ಒಸ್ತಿಯಾದಲ್ಲೇ ಇರುವ ಏಳು ಜ್ಞಾನಿಗಳ ಸ್ನಾನಗೃಹ ತೆರೆದಿದ್ದರೆ ಬಿಡಬೇಡಿ. ಗ್ರೀಸಿನ ಮಹಾಜ್ಞಾನಿಗಳ ಚಿತ್ರಗಳ ಮೇಲೆ ಮಲವಿಸರ್ಜನೆಯ ಉಪದೇಶಗಳಿವೆ: ಸರಾಗವಾಗಲೆಂದು ಸೋಲನ್ ಹೊಟ್ಟೆ ನೀವಿಕೊಂಡನಂತೆ, ಮಲಬದ್ಧತೆಯಿದ್ದವರು ತಿಣುಕಬೇಕೆಂದು ಥೇಲ್ಸ್ ಹೇಳಿದನಂತೆ.

ನೀರಿನ ಬಾಟಲಿ ಕೊಳ್ಳಲು ಹಣ ಸುರಿಯಬೇಡಿ. ರೋಮ್‌ನ ಬೀದಿಬೀದಿಯಲ್ಲಿ 'ನಸೋನೆ' ಎಂಬ ಕಬ್ಬಿಣದ ನಲ್ಲಿಗಳಿವೆ. ಹಗಲಿರುಳು ತಣ್ಣನೆಯ ಕುಡಿಯುವ ನೀರು ಸುರಿಯುತ್ತಿರುತ್ತದೆ. ಕೆಳಗಿನ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಶೌಚಾಲಯದ ಮಾತು ಬೇರೆ: ನಗರದಲ್ಲಿ ಹುಡುಕಿ ಸೋಲುತ್ತೀರಿ. ಒಸ್ತಿಯಾದ ಉಪಾಹಾರ ಮಂದಿರದ ಬಳಿ ಇರುವುದನ್ನು ಹೊರಡುವ ಮುನ್ನ ಬಳಸಿಕೊಳ್ಳಿ. ನಾವು ಬಳಸದೆ ಬಂದು, ಊರೊಳಗೆ ಹೋಟೆಲಿನ ಶೌಚಾಲಯದ ಕೀಲಿಗಾಗಿಯೇ ಕಾಫಿ ಕೊಳ್ಳಬೇಕಾಯಿತು. ಕೊಟ್ಟ ಹಣ ಹಾಳಾಗಬಾರದೆಂದು ಮಾವನವರು ಆ ಎಸ್ಪ್ರೆಸೊ ಕುಡಿದೇ ಬಂದರು. ಅಂದು ರಾತ್ರಿ ಒಂದು ಗಂಟೆಯವರೆಗೂ ನಿದ್ದೆ ಬಾರದೆ, ನಮಗೂ ನಿದ್ದೆ ಮಾಡಗೊಡದೆ, ಫ್ರಾಂಟಿನಸ್‌ನ ಸೋರಿಕೆ ಲೆಕ್ಕ ಹೇಳುತ್ತಲೇ ಇದ್ದರು.