ನಾ ಯಾರು ಹೇಳ್ ನೋಡಮ್ ಮುತ್ಯಾ

ಮುತ್ಯಾಗ ಅಲ್ಜೈಮರ್ಸ್, ಅಂದ್ರ ಮರುವಿನ ರೋಗ, ಅಂತ ಡಾಕ್ಟರ್ ಹೇಳಿದ ಮ್ಯಾಲ ಮನ್ಯಾಗ ನಾವು ಹೆಂಗೋ ಹೊಂದ್ಕೊಂಡೀವಿ, ಆದ್ರ ನಾಕ್ ಮಂದಿ ಕೂಡೋ ಜಾಗಕ್ಕ ಕರ್ಕೊಂಡು ಹೋಗೋದದ ನೋಡ್ರಿ, ಅದು ಬ್ಯಾರೇನೇ ಕಥಿ. ಕಲಬುರಗ್ಯಾಗ ಕಾಕಾನ ಮಗಳ ಕುಬ್ಸ ಇತ್ತು. ಮುತ್ಯಾನ್ನ ಪಡಸಾಲ್ಯಾಗ ಕುರ್ಚಿ ಹಾಕಿ ಕೂಡ್ಸಿದ್ವಿ, ಹೊಸಾ ಧೋತ್ರ, ಬಿಳಿ ಟೊಪಗಿ, ಭಾರಿ ಖುಷಿಯಾಗಿದ್ದ. ಬಂದವ್ರೆಲ್ಲ ಕಾಲಿಗಿ ಬಿದ್ದು ಎದ್ದು ಕೇಳೋದು ಒಂದೇ, ನಾ ಯಾರು ಹೇಳ್ ನೋಡಮ್ ಮುತ್ಯಾ? ಅದೂ ಒದರಿ ಒದರಿ. ಅವನ ಕಿವಿ ಚೊಲೋ ಅವ ಮಾರಾಯ್ರೇ.

ಮೊದ್ಲ ನಕ್ಕ, ಆಮ್ಯಾಲ ಯಾರ್ದೋ ಹೆಸ್ರು ಹೇಳ್ದ, ಎಲ್ರೂ ಹೋ ಅಂತ ನಕ್ರು, ಆಮ್ಯಾಲ ಸುಮ್ಮನಾಗಿ ಧೋತ್ರದ ಅಂಚು ತಿಕ್ಲಾಕ ಶುರು ಮಾಡ್ದ. ಅವನಿಗಿ ತ್ರಾಸ ಆದಾಗ ಹಂಗ ಮಾಡ್ತಾನ.

ನಮ್ಮ ದೊಡ್ಡ ಮಾವಂದು ಬ್ಯಾರೇ ವಾದ. ಮುತ್ಯಾ ನೆಹರು ಗಂಜ್‌ನ್ಯಾಗ ಅಡತಿ ಅಂಗಡ್ಯಾಗ ಮುನೀಮ ಇದ್ದಾಂವ, 72ರ ಬರಗಾಲದ ಸುದ್ದಿ ಕೇಳಿದ್ರ ಈಗೂ ಪಟಪಟ ಹೇಳ್ತಾನ. ಅದು ನೆಪ್ಪದ, ನನ್ ಹೆಸ್ರು ಮರೀತಾನ, ಎಲ್ಲಾ ನಾಟಕ ಅಂದ ಮಾವ. ನಾಟಕ ಅಲ್ರಿ, ಈ ರೋಗ ಹೆಚ್ಚಾಗಿ ಮೊದ್ಲ ಹಾಳು ಮಾಡೋದೇ ಮಿದುಳಿನ್ಯಾಗ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ, ಹೊಸಾದು ನೆಪ್ಪಿಟ್ಕೊಳ್ಳೋ ಕೆಲ್ಸ ಅದ್ರದು, ಅದಕ್ಕ ಮುಂಜಾನಿ ತಿಂದಿದ್ದು ಹೋಗ್ತದ, ಹಳೇದು ಭಾಳ ದಿನ ಉಳೀತದ ಅಂತ ಹೇಳ್ದೆ. ವಯಸ್ಸಾದ್ರ ಎಲ್ರಿಗೂ ಆಗ್ತದ ಬಿಡು, ಅರಳು ಮರಳು ಅಂದ. ಎಲ್ರಿಗೂ ಎಲ್ಲಿ ಆಗ್ತದ? ದೇಶದ ತುಂಬಾ ಮಾಡಿದ ಸರ್ವೇ 2023ರಾಗ ಬಂತು, 60 ದಾಟಿದವ್ರಾಗ 7.4 ಪರ್ಸೆಂಟ್ ಮಂದಿಗಿ ಡಿಮೆನ್ಶಿಯಾ, ಅಂದ್ರ ಅಲ್ಜೈಮರ್ಸ್‌ನಂಥ ಮರುವಿನ ರೋಗ, ಅದ ಅಂತ ಅಂದಾಜು. ಉಳದವ್ರು ಆರಾಮ ಅರಲ್ಲ.

ಅತ್ತಿ ಒಬ್ಬಾಕಿ ಗಾಣಗಾಪುರಕ್ಕ ಒಯ್ರಿ, ಏನೋ ಬಡದದ, ಗುಳಗಿ ಬಂದ್ ಮಾಡ್ರಿ ಅಂದ್ಳು. ದತ್ತಪ್ಪನ ಹತ್ರ ಹೋಗ್ಲಾಕ ನಂದೇನೂ ತಕರಾರಿಲ್ಲ, ನಮ್ಮವ್ವ ಹುಣ್ಣಿಮಿಗಿ ಹೋಗೇ ಹೋಗ್ತಾಳ. ಆದ್ರ ಗುಳಗಿ ಯಾಕ ಬಂದ್ ಮಾಡ್ಬೇಕು?

ಕಡೀಗಿ ಅವ್ವನೇ ಕುರ್ಚಿ ಬಾಜೂಕ ನಿಂತ್ಳು. ಯಾರರ ಬಾಯಿ ತೆಗೆಯೋಕಿನ ಮೊದ್ಲೇ, ಮಾವಾರ, ಜೇವರ್ಗಿ ಅತ್ತಿ ಮಗ ಬಂದಾನ ನೋಡ್ರಿ ಅನ್ನಾಕಿ. ಹೌದೇನೋ ತಮ್ಮಾ, ತೊಗರಿ ಹೆಂಗವ ಈ ಸಲ, ಮಳಿ ಆಯ್ತೇನು ಅಂತ ಮುತ್ಯಾ ಎಷ್ಟ್ ಚಂದ ಮಾತಾಡ್ದ ಗೊತ್ತಾ, ಹೆಸ್ರು ಒಂದು ಕೈಗಿ ಕೊಟ್ರ ಸಾಕು, ಮಾತು ಅವನ ಹತ್ರ ಇನ್ನೂ ಬೇಕಾದಷ್ಟದ. ಕೆಲವ್ರು ಮಾತ್ರ ನೀ ಯಾಕ ಹೇಳ್ದಿ ಅಂತ ಸಿಟ್ಟಾದ್ರು.

ಅದೇ ದೊಡ್ಡ ಮಾವ ಆಮ್ಯಾಲ ಒಂದಿನ ರಾತ್ರಿ ಫೋನ್ ಮಾಡ್ದ. ಅವನ ಹೇಣ್ತಿ, ನಮ್ಮ ದೊಡ್ಡತ್ತಿ, ಒಂದೇ ಮಾತು ತಿರುಗಿ ತಿರುಗಿ ಕೇಳ್ತಾಳಂತ, ಒಲಿ ಮ್ಯಾಲ ಹಾಲು ಇಟ್ಟಿದ್ದು ಮರೀತಾಳಂತ. ಡಾಕ್ಟರ್ ಸೊಲ್ಲಾಪುರದಾಗ ಇದ್ರ ಹೇಳು, ಇಲ್ಲಿ ಬ್ಯಾಡ, ಯಾರರ ನೋಡ್ತಾರ ಅಂದ. ಬಿ12, ಥೈರಾಯ್ಡ್ ಕಮ್ಮಿ ಆದ್ರೂ ಹಿಂಗ ಮರುವು ಬರ್ತದ ಮಾವಾ, ಅದಕ್ಕ ಔಷಧ ಅದ, ಆ ರಕ್ತ ಟೆಸ್ಟಿಗಿ ಸೊಲ್ಲಾಪುರ ತನಕ ಯಾಕ, ನಾಳಿ ಮುಂಜಾನಿ ನಾನೇ ಬರ್ತೀನಿ ಅಂದೆ. ಗಾಡಿ ಮನಿ ಮುಂದ ನಿಂದರಿಸ್ಬ್ಯಾಡ ಅಂದ.