ಪದ ಯಾರದು?

ಮೇ ತಿಂಗಳ ಕಲಬುರಗಿ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕೂಲರ್ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಪ್ಪನ ಹಾಡುಗಳನ್ನು ಜೋಡಿಸಲು ಕೂತೆ. ಹಳೇ ಕ್ಯಾಸೆಟ್‌ಗಳಿಂದ ಇಳಿಸಿದ ವಚನ, ದಾಸರ ಪದ, ತತ್ವಪದ, ಎಲ್ಲಾ ಸೇರಿ ಸುಮಾರು 900 ಫೈಲು.

ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದು ಫೈಲಿನೊಳಗಿನ ಟ್ಯಾಗ್, ಅಂದರೆ ಹಾಡಿನ ಹೆಸರು, ಹಾಡಿದವರ ಹೆಸರಿನಂಥ ವಿವರ ಓದಿ, ನಾವು ಬರೆದಿಟ್ಟ ಷರತ್ತಿನಂತೆ ಫೋಲ್ಡರ್ ಮಾಡಿ ಹಾಡನ್ನು ಅಲ್ಲಿಗೆ ಸೇರಿಸುತ್ತದೆ. ಆಲ್ಬಮ್ ಕಲಾವಿದರ ಹೆಸರಿದ್ದರೆ ಅದು, ಇಲ್ಲದಿದ್ದರೆ ಹಾಡಿದವರ ಹೆಸರು ಅಂತ ಬರೆದೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಒಬ್ಬೊಬ್ಬರಿಗೂ ಒಂದು ಫೋಲ್ಡರ್ ಆಯಿತು. ಖುಷಿಯಿಂದ ಅಪ್ಪನಿಗೆ ತೋರಿಸಿದೆ.

"ಅಕ್ಕನ ವಚನ ಎಲ್ಲಿ ಅವಪ್ಪ?" ಅಂದರು.

ಹನ್ನೊಂದು ಫೋಲ್ಡರ್‌ಗಳಲ್ಲಿ ಹರಡಿಹೋಗಿದ್ದವು.

"ಹಾಡಿದವ್ರು ಬ್ಯಾರೆ ಬ್ಯಾರೆ ಇರ್ತಾರ. ಪದ ಯಾರದು, ಅದು ಮೊದಲ ನೋಡು."

ಹೌದಲ್ವಾ! ನಮ್ಮ ಕಡೆ ಭಜನೆಯಲ್ಲಿ "ಮಡಿವಾಳಪ್ಪನ ಪದ ಹಾಡ್ರಿ" ಅಂತಲೇ ಕೇಳುತ್ತಾರೆ. ಕಡಕೋಳದ ಮಡಿವಾಳಪ್ಪನ ಪದ ಯಾರ ಬಾಯಲ್ಲಿ ಬಂದರೂ ಅವರದೇ.

ಷರತ್ತು ಬರೆದಿದ್ದ ಸ್ಕ್ರಿಪ್ಟ್ ಬದಲಿಸಿದೆ. ಪಿಕಾರ್ಡ್‌ನಲ್ಲಿ ಇಫ್2 ಅಂತ ಒಂದು ಫಂಕ್ಷನ್ ಇದೆ. ಕೊಟ್ಟವುಗಳಲ್ಲಿ ಖಾಲಿಯಿಲ್ಲದ ಮೊದಲನೆಯದನ್ನು ಅದು ಆರಿಸುತ್ತದೆ. ಬರೆದವರ ಹೆಸರಿಗೆ ಲಿರಿಸಿಸ್ಟ್ ಟ್ಯಾಗ್ ಇದೆ, ಅದನ್ನು ಮೊದಲು ಇಟ್ಟೆ. ಅದು ಖಾಲಿಯಿದ್ದರೆ 'ಅಂಕಿತ ಸಿಕ್ಕಿಲ್ಲ' ಅನ್ನೋ ಫೋಲ್ಡರ್. ಅಂಕಿತ ಅಂದರೆ ಪದದ ಕೊನೆಗೆ ಬರುವ, ಬರೆದವರ ಗುರುತು ಹೇಳುವ ಹೆಸರು.

ಆದರೆ ಆ ಟ್ಯಾಗ್ ಬಹಳಷ್ಟು ಫೈಲುಗಳಲ್ಲಿ ಖಾಲಿ. ತುಂಬಿಸಿದ್ದು ಅಪ್ಪನ ಕಿವಿ. ನಾನು ಹಾಡಿನ ಕೊನೆಗೆ ಜಿಗಿಯಲು ಹೋದರೆ ಕೈ ಹಿಡಿಯುತ್ತಿದ್ದರು, "ಪೂರಾ ಕೇಳು." ಕಣ್ಣು ಮುಚ್ಚಿ ಕೂತು, 'ಚೆನ್ನಮಲ್ಲಿಕಾರ್ಜುನ' ಅಂತ ಬಂದ ಕೂಡಲೇ ಒಂದು ಬೆರಳು ಎತ್ತುತ್ತಿದ್ದರು. ನಾನು 'ಅಕ್ಕಮಹಾದೇವಿ' ಅಂತ ಟೈಪ್ ಮಾಡುತ್ತಿದ್ದೆ. 'ಕೂಡಲಸಂಗಮದೇವ' ಬಂದರೆ ಬಸವಣ್ಣ, 'ಗುಹೇಶ್ವರ' ಬಂದರೆ ಅಲ್ಲಮ. ಟ್ಯಾಗ್ ಇದ್ದ ಕೆಲವು ಫೈಲುಗಳಲ್ಲಿ ಬಸವಣ್ಣ, ಬಸವೇಶ್ವರ ಅಂತ ಎರಡು ಹೆಸರು. ಎರಡರಲ್ಲಿ ಯಾವುದು ಬಂದರೂ ಬಸವಣ್ಣ ಅಂತಲೇ ಹಿಡಿ ಅಂತ ಇನ್ನೊಂದು ಷರತ್ತು ಸೇರಿಸಿದೆ.

ಮುಗಿಯಲು ಮೂರು ವಾರ ಬೇಕಾಯಿತು. 'ಅಂಕಿತ ಸಿಕ್ಕಿಲ್ಲ' ಫೋಲ್ಡರ್‌ನಲ್ಲಿ 14 ಹಾಡು ಉಳಿದವು. ಅಂಕಿತ ಬರುವ ಮೊದಲೇ ಕ್ಯಾಸೆಟ್ ಮುಗಿದವು ಅವು.

ನಿನ್ನೆ ಸಂಜೆ ಅಪ್ಪ ಯಾದಗಿರಿಯ ಕಾಕಾಗೆ ಫೋನ್ ಹಚ್ಚಿ, ಫೋನನ್ನು ಸ್ಪೀಕರ್ ಹತ್ತಿರ ಹಿಡಿದರು. ಹಾಡು ಅರ್ಧಕ್ಕೆ ನಿಂತಿತು. ಆ ಕಡೆಯಿಂದ ಕಾಕಾ ಉಳಿದ ಸಾಲು ಹಾಡತೊಡಗಿದರು.